ಕಾಫಿ ಕಣದಲ್ಲಿ ಗಟ್ಟಿಮೇಳ

ಸ್ಯಾಕ್ಸೋಫೋನಿನ ಅಣ್ಣನನ್ನು ನಾನು ಮೊದಲು ಕೇಳಿದ್ದು ಕುಶಾಲನಗರದ ಒಂದು ಮದುವೆಯಲ್ಲಿ. ಧಾರೆ ಮುಗಿದಿತ್ತು. ಅಕ್ಷತೆ ಹಾಕಿದ ಕೈ ಒರೆಸಿಕೊಳ್ಳುವಷ್ಟೂ ಪುರುಸೊತ್ತಿಲ್ಲದೆ ಜನ ಊಟದ ಹಾಲಿಗೆ ನುಗ್ಗುತ್ತಿದ್ದರು. ನಾನು ಮಾತ್ರ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಾ ನಿಂತಿದ್ದೆ. ಯಾರೋ ಪುಣ್ಯಾತ್ಮರು ನನ್ನ ಹೊಸ ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದರು. ಅವರ ಏಳು ಜನ್ಮಕ್ಕೂ ಸೇರಿಸಿ ಶಾಪ ಹಾಕುತ್ತಿದ್ದಾಗ, ಖಾಲಿಯಾದ ಮಂಟಪದ ಪಕ್ಕದಿಂದ ಒಂದು ದನಿ ಬಂತು. ಶಾಪ ಅರ್ಧಕ್ಕೇ ನಿಂತಿತು.

ನಾನು ಮಡಿಕೇರಿಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಗಿಟಾರು ಕಲಿಸುವವಳು. ಮೈಸೂರಿನಲ್ಲಿ ಓದುವಾಗ ಜಾಝ್ ಹುಚ್ಚು ಹತ್ತಿತು. ಮದುವೆಯಾಗಿ ಮಾದಾಪುರದ ಕಡೆಯ ತೋಟಕ್ಕೆ ಬಂದ ಮೇಲೂ ಅದು ಬಿಡಲಿಲ್ಲ, ಆದರೆ ಜೊತೆಗೆ ಇನ್ನೊಬ್ಬ ಹುಚ್ಚ ಸಿಗಲಿಲ್ಲ. ನನ್ನ ಗಂಡನಿಗೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮಿಶಿನ್ನು ಎಲ್ಲೂ ಸಿಕ್ಕಿಕೊಳ್ಳದೆ ಓಡುವ ಸದ್ದೇ ಸಂಗೀತ. ಒಳ್ಳೆಯ ಮನುಷ್ಯ, ಸಂಗೀತಕ್ಕೆ ಕಿವಿ ಮಾತ್ರ ಇಲ್ಲ.

ಮಂಟಪದ ಪಕ್ಕ ಊದುತ್ತಿದ್ದದ್ದು ಸಿನಿಮಾ ಹಾಡಲ್ಲ, ದೇವರನಾಮವೂ ಅಲ್ಲ. ನಾಲ್ಕೈದು ಸ್ವರ ಹಿಡಿದುಕೊಂಡು ಅದನ್ನೇ ಬಗ್ಗಿಸಿ, ಜಾರಿಸಿ, ನಡುವೆ ನಿಲ್ಲಿಸಿ, ಎಲ್ಲೆಲ್ಲೋ ಸುತ್ತಾಡಿ ಮತ್ತೆ ಮನೆಗೆ ಬರುತ್ತಿದ್ದರು. ಯಾರದೋ ಹಳೇ ಚಪ್ಪಲಿಯಲ್ಲಿ ಒಂದು ಕಾಲು ತೂರಿಸಿಕೊಂಡೇ ನಾನು ಹತ್ತಿರ ಹೋದೆ. ಅರವತ್ತರ ಆಸುಪಾಸಿನವರು, ರೇಷ್ಮೆ ಶರ್ಟು, ಜರಿ ಶಾಲು. ಪಕ್ಕದಲ್ಲಿ ಅವರ ಭಾವ, ಡೋಲು ಮಡಿಲಲ್ಲೇ ಇಟ್ಟುಕೊಂಡು ತೂಕಡಿಸುತ್ತಿದ್ದರು.

"ಯಾವ ಹಾಡು ಬೇಕು, ಹೇಳಿ" ಎಂದರು ಸ್ಯಾಕ್ಸೋಫೋನಿನವರು.

"ಹಾಡು ಬೇಡ ಅಣ್ಣ. ಈಗ ಊದಿದ್ರಲ್ಲ, ಅದೇನು?"

"ಅದಾ? ಅದು ಎಂತದ್ದೂ ಅಲ್ಲ ಮಾರಾಯ್ರೆ. ಜನ ಊಟಕ್ಕೆ ಹೋದ ಮೇಲೆ ಸುಮ್ಮನೆ ಊದುವುದು. ಖಾಲಿ ಕುರ್ಚಿಗೆ."

ಕರಿಕೆ ಕಡೆಯವರು. ಘಟ್ಟದ ಕೆಳಗಿನವರ ಹತ್ತಿರ ಸ್ಯಾಕ್ಸೋಫೋನು ಕಲಿತು, ಈಗ ಮಾದಾಪುರದಲ್ಲೇ ಮನೆ ಮಾಡಿಕೊಂಡು, ನಮ್ಮ ಸುತ್ತಿನ ಅರ್ಧ ಮದುವೆಗಳಿಗೆ ಊದುವವರು. ನನ್ನ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಇಂಥವರೊಬ್ಬರು ಇದ್ದರು, ನಾನು ಇಷ್ಟು ವರ್ಷ ಗೋಡೆಗೆ ಗಿಟಾರು ಬಾರಿಸುತ್ತಾ ಕೂತಿದ್ದೆ. ನನ್ನ ಹಣೆಬರಹ.

ಮುಂದಿನ ಭಾನುವಾರ ಅವರನ್ನೂ ಭಾವನನ್ನೂ ಮನೆಗೆ ಕರೆದೆ. ಅವತ್ತು ಕಾಫಿ ಕುಡಿಯುತ್ತಾ ಅವರು ಹೇಳಿದ ಮಾತಿನಿಂದಲೇ ಇದೆಲ್ಲ ಶುರುವಾಯಿತು.

"ನೋಡಿ ಟೀಚರೇ, ಇಷ್ಟು ವರ್ಷ ಊದಿದೆ. ಕೂತು ಕೇಳಿದವರು ಅಂತ ಒಬ್ಬರಿಲ್ಲ. ಮದುವೆ ಮನೇಲಿ ನಮ್ಮದು ಫ್ಯಾನ್ ಇದ್ದ ಹಾಗೆ. ತಿರುಗ್ತಾ ಇದ್ರೆ ಯಾರೂ ನೋಡುವುದಿಲ್ಲ, ನಿಂತರೆ ಮಾತ್ರ ಎಂತ ಆಯ್ತು ಅಂತ ಕೇಳ್ತಾರೆ. ಅಡಿಗೆಯವರು ಪಾತ್ರೆ ಮುಚ್ಚಳ ತೆಗೆದ ಶಬ್ದ ಬಂತೋ, ನನ್ನ ಕಛೇರಿ ಮುಗೀತು. ಒಂದೇ ಒಂದು ಸಲ ಜನ ಕೂತು ಕೇಳಬೇಕು ಅಂತ ಆಸೆ ಉಂಟು ನನಗೆ."

ಭಾವ ಕಾಫಿ ಲೋಟದೊಳಗೆ ನಕ್ಕರು. "ಇವ್ರಿಗೆ ಈ ಒಂದು ಹುಚ್ಚು ಬಿಟ್ರೆ ಬೇರೆ ಎಂತ ತೊಂದರೆಯೂ ಇಲ್ಲ."

ನನಗೆ ನಗು ಬರಲಿಲ್ಲ. ಕೂರಿಸಿಯೇ ಬಿಡುತ್ತೇನೆ, ಬೇಕಾದರೆ ಕುರ್ಚಿಗೆ ಕಟ್ಟಿಹಾಕಿ ಕೂರಿಸುತ್ತೇನೆ ಎಂದುಬಿಟ್ಟೆ. ಹೀಗೆ ಮಾತು ಕೊಟ್ಟು ಆಮೇಲೆ ಒದ್ದಾಡುವುದು ನನಗೆ ಹುಟ್ಟಿನಿಂದ ಬಂದದ್ದು.

ಪ್ರಾಕ್ಟೀಸು ಶುರುವಾಯಿತು. ಮೊದಲ ದಿನ ಬರೀ ಜಗಳ. ಅವರು ಇದು ಮೋಹನ ರಾಗ ಎಂದರು, ನಾನು ಪೆಂಟಟೋನಿಕ್ ಎಂದೆ. ಮೋಹನವನ್ನು ಮೋಹನ ಅನ್ನಲಿಕ್ಕೆ ನಿಮಗೆ ಎಂತ ಕಷ್ಟ ಎಂದು ಅವರು, ಅದು ಪ್ರಪಂಚಕ್ಕೆಲ್ಲ ಸೇರಿದ್ದು ಎಂದು ನಾನು. ಎರಡೂ ಒಂದೇ ಐದು ಸ್ವರ ಎಂದು ಗೊತ್ತಾಗುವ ಹೊತ್ತಿಗೆ ಒಲೆಯ ಮೇಲಿಟ್ಟಿದ್ದ ಸಾರು ಸೀದುಹೋಗಿತ್ತು. ಆಮೇಲೆ ದಾರಿ ಸುಲಭವಾಯಿತು. ಮೊದಲು ಇಬ್ಬರೂ ಸೇರಿ ಒಂದು ಪಲ್ಲವಿ ನುಡಿಸುವುದು. ಅಲ್ಲಿಂದ ಅವರು ಮನಸ್ಸು ಬಂದ ಕಡೆ ಹೋಗುವುದು, ನಾನು ಕೆಳಗಿನಿಂದ ಗಿಟಾರಿನಲ್ಲಿ ಹಿಡಿದುಕೊಂಡಿರುವುದು. ಸಾಕು ಅನ್ನಿಸಿದಾಗ ನಾನು ತಲೆ ಆಡಿಸಿದರೆ ಅವರು ಪಲ್ಲವಿಗೆ ವಾಪಸು ಬರುವುದು. ಭಾವ ಕಣ್ಣು ಮುಚ್ಚಿಕೊಂಡೇ ಡೋಲಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದರು. ನಿದ್ದೆಯಲ್ಲಿದ್ದಾರೋ ಎಚ್ಚರವಿದ್ದಾರೋ ದೇವರಿಗೇ ಗೊತ್ತು, ತಾಳ ಮಾತ್ರ ಒಂದು ಸಲವೂ ತಪ್ಪಲಿಲ್ಲ.

ಜಾಗ ಕೊಟ್ಟದ್ದು ನನ್ನ ಗಂಡನ ಅಕ್ಕ, ನನ್ನ ಅತ್ತಿಗೆ. ಅವರದು ಪಕ್ಕದ ಎಸ್ಟೇಟು, ಜೊತೆಗೆ ಒಂದು ಹೋಂಸ್ಟೇ. ಹಣ್ಣಿನ ಪಿಕಿಂಗ್ ಮುಗಿದು, ಕಾಫಿ ಒಣಗಿಸುವ ಸಿಮೆಂಟಿನ ಕಣ ಖಾಲಿ ಬಿದ್ದಿತ್ತು. ಅತ್ತಿಗೆಗೆ ಸಂಗೀತದ ಮೇಲೆ ದ್ವೇಷವೇನಿಲ್ಲ, ಊಟದ ಮೇಲೆ ಪ್ರೀತಿ ಜಾಸ್ತಿ ಅಷ್ಟೆ. ಅವರ ಪ್ರಕಾರ ಮೇಜು ಹಾಕಿ, ಹಂದಿಮಾಂಸದ ಪಂದಿಕರಿ ಬಡಿಸಿ, ಮೂಲೆಯಲ್ಲಿ ನಮ್ಮ ಮೂವರನ್ನು ನುಡಿಸಲು ಬಿಡಬೇಕು.

"ಅದಾಗಲ್ಲ ಅತ್ತಿಗೆ. ಕುರ್ಚಿ ಸಾಲಾಗಿ ಹಾಕ್ಬೇಕು, ಮುಖ ನಮ್ಮ ಕಡೆಗಿರ್ಬೇಕು. ನುಡಿಸೋದೆಲ್ಲ ಮುಗಿದ್ಮೇಲೆ ಊಟ."

"ಕರಿ ಆರಿ ತಣ್ಣಗಾದ್ರೆ ಜವಾಬ್ದಾರಿ ಯಾರೇ? ನಿನ್ನ ಗಿಟಾರು ಬಿಸಿ ಮಾಡಿ ಕೊಡುತ್ತಾ?"

"ಪಾತ್ರೆ ಮುಚ್ಚಿಟ್ರೆ ಆರಲ್ಲ!"

"ಬಂದವರು ಬಾಯಿಗೆ ಏನೂ ಇಲ್ದೆ ಸುಮ್ನೆ ಕೂರ್ತಾರಾ? ಇದೇನು ಶೋಕಸಭೆನಾ?"

ಕೊನೆಗೆ ರಾಜಿಯಾಯಿತು. ಕುರ್ಚಿ ಸಾಲಾಗಿ, ಊಟ ಆಮೇಲೆ, ಆದರೆ ಪ್ರತಿಯೊಬ್ಬರ ಕೈಗೂ ಒಂದೊಂದು ಪೊಟ್ಟಣ ಹುರಿದ ಕಡಲೆಬೀಜ. ಈ ಕಡಲೆಬೀಜಕ್ಕೆ ಒಪ್ಪಿದ್ದಕ್ಕೆ ನಾನು ಇವತ್ತಿಗೂ ನನ್ನ ತಲೆ ಚಚ್ಚಿಕೊಳ್ಳುತ್ತೇನೆ.

ಕಾರ್ಯಕ್ರಮದ ಸಂಜೆ ಜನ ಚೆನ್ನಾಗಿಯೇ ಬಂದರು. ಹೋಂಸ್ಟೇಯಲ್ಲಿದ್ದವರು, ಸುತ್ತಲಿನ ತೋಟದವರು, ತೋಟದ ಕೆಲಸದವರ ಲೈನ್ ಮನೆಗಳವರು. ಅತ್ತಿಗೆ 'ಜಾಝ್ ಫ್ಯೂಷನ್' ಎಂದು ದೊಡ್ಡ ಬ್ಯಾನರು ಕಟ್ಟಿಸಿದ್ದರು. ಅದರ ಕೆಳಗೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಊಟದ ವಿವರವೂ ಇತ್ತು. ಅಣ್ಣನಿಗೆ ನನ್ನ ಗಂಡನ ಕೋಟು ತೊಡಿಸಿದ್ದರು. ಗುಂಡಿ ಹಾಕಿದರೆ ಉಸಿರು ನಿಲ್ಲುತ್ತಿತ್ತು, ಬಿಚ್ಚಿದರೆ ಅತ್ತಿಗೆ ಕಣ್ಣು ಬಿಡುತ್ತಿದ್ದರು. ಅಣ್ಣ ಸಾಲು ಸಾಲು ಕುರ್ಚಿಗಳನ್ನೂ ಅದರಲ್ಲಿ ಕೂತ ಜನರನ್ನೂ ನೋಡಿ ನೋಡಿ ಕರ್ಚೀಫಿನಲ್ಲಿ ಮುಖ ಒರೆಸಿಕೊಂಡರು.

"ಟೀಚರೇ, ಎಲ್ಲರೂ ಈ ಕಡೆಯೇ ನೋಡ್ತಾ ಇದ್ದಾರೆ."

"ಅದೇ ಅಲ್ವಾ ಅಣ್ಣ ನಿಮಗೆ ಬೇಕಾಗಿದ್ದು?"

"ಹೌದು. ಆದ್ರೆ ಎದೆ ಡೋಲು ಬಾರಿಸ್ತಾ ಉಂಟು."

ಸ್ಟೇಜಿಗೆ ಹತ್ತುವಾಗ ನನಗೊಂದು ಯೋಚನೆ ಬಂತು. ಮನೆಯಲ್ಲಿ ಎದುರುಬದುರು ಕೂತು ನುಡಿಸುತ್ತಿದ್ದೆವು, ತಲೆ ಆಡಿಸಿದರೆ ಕಾಣುತ್ತಿತ್ತು. ಇಲ್ಲಿ ಅಕ್ಕಪಕ್ಕ ನಿಲ್ಲಬೇಕು, ಕಣ್ಣಿಗೆ ಲೈಟು ಬೇರೆ. "ಅಣ್ಣ, ತಲೆ ಆಡಿಸಿದ್ರೆ ಕಾಣಲ್ಲ. ವಾಪಸು ಬರ್ಬೇಕಾದಾಗ ಕೈ ಎತ್ತಿ ಬೆರಳು ಆಡಿಸ್ತೀನಿ" ಎಂದೆ.

"ಬೆರಳಾ? ಆಯ್ತಾಯ್ತು. ಬೆರಳು ನಮಗೆ ಎಷ್ಟು ದೂರದಿಂದಲೂ ಕಾಣ್ತದೆ" ಎಂದರು.

ಭಾವ ಹಿಂದಿನಿಂದ ಹ್ಞೂಂ ಎಂದರು. ಅಷ್ಟು ಹೊತ್ತಿಗಾದರೂ ನನ್ನ ಬುದ್ಧಿ ಕೆಲಸ ಮಾಡಬೇಕಿತ್ತು. ಮಾಡಲಿಲ್ಲ.

ಶುರು ಚೆನ್ನಾಗಿಯೇ ಇತ್ತು. ಪಲ್ಲವಿ ನುಡಿಸಿದೆವು, ಜನ ಸುಮ್ಮನಾದರು. ಅಣ್ಣನ ಊದುವಿಕೆ ಸ್ವಲ್ಪ ಬಿಗಿಯಾಗಿತ್ತು, ಪರೀಕ್ಷೆ ಬರೆಯುವ ಮಕ್ಕಳ ಅಕ್ಷರದ ಹಾಗೆ. ಕೋಟಿನದೂ ತಪ್ಪಿರಬಹುದು. ಇನ್ನು ಸಾಕು, ಪಲ್ಲವಿಗೆ ಬಂದು ಒಂದು ಸಲ ಸುಧಾರಿಸಿಕೊಳ್ಳೋಣ ಎಂದು ನಾನು ಬಲಗೈ ಎತ್ತಿ ತೋರುಬೆರಳು ಆಡಿಸಿದೆ.

ಅಯ್ಯೋ ನನ್ನ ಕರ್ಮವೇ. ಮದುವೆ ಮನೆಯಲ್ಲಿ ಮುಹೂರ್ತ ಬಂತೆಂದು ಪುರೋಹಿತರು ಮಂಟಪದಿಂದ ಆಡಿಸುವುದೂ ಅದೇ ಬೆರಳು! ಭಾವನ ಅರೆಮುಚ್ಚಿದ್ದ ಕಣ್ಣು ಪಟ್ಟನೆ ಪೂರ್ತಿ ತೆರೆಯಿತು. ಎರಡೂ ಕೈಯಲ್ಲಿ ಡೋಲು ಸಿಡಿಯಿತು. ಆ ಸದ್ದಿಗೆ ಅಣ್ಣನ ಕೆನ್ನೆ ಉಬ್ಬಿತು, ಸ್ಯಾಕ್ಸೋಫೋನು ಆಕಾಶಕ್ಕೆ ಎದ್ದಿತು. ಗಟ್ಟಿಮೇಳ. ಇಡೀ ಎಸ್ಟೇಟು ಅದುರುವಂಥ ಗಟ್ಟಿಮೇಳ.

ನಾನು ಗಾಬರಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಎಂದು ಇನ್ನೂ ಜೋರಾಗಿ ಬೆರಳು ಆಡಿಸಿದೆ. ಅವರು ಇನ್ನೂ ಜೋರಾಗಿ ಊದಿದರು.

ಜನರ ಕಥೆ ಕೇಳಿ. ಹುಟ್ಟಿದಾಗಿನಿಂದ ಗಟ್ಟಿಮೇಳ ಕೇಳಿದೊಡನೆ ಎದ್ದು ನಿಂತು ಅಭ್ಯಾಸವಾದ ಮೈ, ಯಾರನ್ನು ಕೇಳಿ ಏಳಬೇಕು? ಅಷ್ಟೂ ಜನ ಒಟ್ಟಿಗೆ ಎದ್ದರು. ಎದ್ದ ಮೇಲೆ ಕೈ ಸುಮ್ಮನಿರುತ್ತದೆಯೇ? ಅಕ್ಷತೆ ಇರಲಿಲ್ಲ, ಕಡಲೆಬೀಜ ಇತ್ತು. ಯಾರು ಮೊದಲು ಎಸೆದರೋ ಗೊತ್ತಿಲ್ಲ. ಒಂದೇ ಗಳಿಗೆಯಲ್ಲಿ ನಮ್ಮ ತಲೆ ಮೇಲೆ, ಗಿಟಾರಿನ ಮೇಲೆ, ಡೋಲಿನ ಮೇಲೆ ಹುರಿದ ಕಡಲೆಬೀಜದ ಮಳೆ. ಮುಂದಿನ ಸಾಲಿನ ಅಜ್ಜಿಯೊಬ್ಬರು ಕಣ್ಣು ಮುಚ್ಚಿ, ಏನೋ ಹರಸುತ್ತಾ, ನನ್ನ ಹಣೆಗೇ ಗುರಿಯಿಟ್ಟು ಹಾಕಿದರು. ನನ್ನ ಗಂಡನೂ ಎಸೆಯುತ್ತಿದ್ದ. ಅವನ ಮುಖದ ಮೇಲೆ ಅಷ್ಟು ಭಕ್ತಿ ನಮ್ಮ ಮದುವೆಯ ದಿನವೂ ಇರಲಿಲ್ಲ.

ಇದು ಸಾಲದು ಎಂದು ಹಿಂದಿನಿಂದ ಢಣ್ ಢಣ್ ಎಂದು ಸದ್ದು. ಅತ್ತಿಗೆ ಗೊತ್ತುಮಾಡಿದ್ದು ಮದುವೆ ಅಡಿಗೆಯವನನ್ನು. ಗಟ್ಟಿಮೇಳವಾಯಿತೆಂದರೆ ಇನ್ನು ಬಡಿಸಬೇಕು ಎಂಬುದು ಅವನ ಕಾಯಿದೆ. ಎಲ್ಲ ಪಾತ್ರೆಗಳ ಮುಚ್ಚಳ ತೆಗೆದುಬಿಟ್ಟ. ಪಂದಿಕರಿಯ ಪರಿಮಳ ಕಣದ ತುಂಬ ಹಬ್ಬಿತು. ಜನ ನಗುನಗುತ್ತಾ, ಒಬ್ಬರ ಬೆನ್ನು ಒಬ್ಬರು ತಟ್ಟುತ್ತಾ, ಕುರ್ಚಿ ಸರಿಸಿ ಊಟದ ಕಡೆ ನಡೆದರು. ನೋಡನೋಡುತ್ತಿದ್ದ ಹಾಗೆ ಕಣ ಖಾಲಿ.

ನನಗೆ ಮೈಯೆಲ್ಲ ಉರಿದುಹೋಯಿತು. "ಅಣ್ಣ! ಏನು ಮಾಡಿಬಿಟ್ರಿ! ನಾನು ಹೇಳಿದ್ದೇನು, ನೀವು ಊದಿದ್ದೇನು!"

ಅಣ್ಣ ಸ್ಯಾಕ್ಸೋಫೋನನ್ನು ತಲೆಕೆಳಗು ಮಾಡಿ ಅಲುಗಾಡಿಸಿದರು. ಅದರ ಬಾಯಿಂದ ಕಡಲೆಬೀಜ ಉದುರಿತು. ಭಾವ ಒಂದನ್ನು ಹೆಕ್ಕಿ ಬಾಯಿಗೆ ಹಾಕಿಕೊಂಡು, ತಲೆ ತಗ್ಗಿಸಿ, "ಬೆರಳು ಕಂಡ್ರೆ ಕೈ ನಮ್ಮ ಮಾತು ಕೇಳುವುದಿಲ್ಲ ಟೀಚರೇ" ಎಂದರು. ಅಣ್ಣ ಖಾಲಿ ಕುರ್ಚಿಗಳನ್ನು ನೋಡುತ್ತಿದ್ದರು. ಅವರ ಮುಖ ನೋಡಿ ನನ್ನ ಸಿಟ್ಟು ಜರ್ರನೆ ಇಳಿಯಿತು. ಕುರ್ಚಿಗೆ ಕಟ್ಟಿಹಾಕುತ್ತೇನೆ ಎಂದವಳು ನಾನೇ, ಬೆರಳು ಆಡಿಸಿದವಳೂ ನಾನೇ.

"ಎಲ್ಲ ಊಟಕ್ಕೆ ಹೋದ್ರು" ಎಂದರು ಅಣ್ಣ. ಬೇಸರದಲ್ಲಲ್ಲ, ದಿನಾ ನಡೆಯುವುದನ್ನು ಹೇಳುವ ಹಾಗೆ. ಆಮೇಲೆ ಕೋಟು ಬಿಚ್ಚಿ ಮೈಕಿನ ಕಂಬಕ್ಕೆ ನೇತುಹಾಕಿದರು. ಸ್ಟೇಜಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಊದಲು ಶುರುಮಾಡಿದರು.

ಕುಶಾಲನಗರದ ಮದುವೆಯಲ್ಲಿ ನನ್ನ ಶಾಪ ನಿಲ್ಲಿಸಿದ್ದು ಇದೇ. ಬಿಗಿ ಇಲ್ಲ, ಪರೀಕ್ಷೆ ಇಲ್ಲ. ಆ ಐದು ಸ್ವರಗಳು ಊರೆಲ್ಲ ಸುತ್ತಿ, ಎಲ್ಲೋ ಕೂತು ದಣಿವಾರಿಸಿಕೊಂಡು, ಯಾರ ಹಂಗೂ ಇಲ್ಲದೆ ಓಡಾಡಿದವು. ನಾನೂ ಕೆಳಗೆ ಕೂತೆ. ಮೆಲ್ಲಗೆ ಗಿಟಾರು ಸೇರಿಸಿದೆ. ಭಾವ ಮತ್ತೆ ಕಣ್ಣು ಮುಚ್ಚಿದರು, ಬೆರಳು ತಾಳ ಹಿಡಿಯಿತು. ನಾನು ಕೈ ಎತ್ತಲು ಹೋಗಲಿಲ್ಲ. ಅವರು ಎಲ್ಲಿಗೆ ಹೋದರೂ ಹಿಂದೆಯೇ ಹೋದೆ. ಅಷ್ಟು ಖುಷಿಯಲ್ಲಿ ನಾನು ಯಾವತ್ತೂ ನುಡಿಸಿರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಕುರ್ಚಿ ಎಳೆದ ಸದ್ದಾಯಿತು. ನನ್ನ ಹಣೆಗೆ ಗುರಿಯಿಟ್ಟಿದ್ದ ಅಜ್ಜಿ, ಕೈಯಲ್ಲಿ ಖಾಲಿ ತಟ್ಟೆ ಹಿಡಿದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಬಡಿಸಿಕೊಳ್ಳದೆಯೇ ಕ್ಯೂ ಬಿಟ್ಟು ಬಂದಿದ್ದರು. ಅವರ ಹಿಂದೆ ಇಬ್ಬರು. ಆಮೇಲೆ ನನ್ನ ಗಂಡ, ಕಿವಿಯೇ ಇಲ್ಲದ ಮಹಾರಾಯ, ಬಂದು ಅಜ್ಜಿಯ ಪಕ್ಕ ಕೂತ. ಕ್ಯೂ ಹಿಂದಿನಿಂದ ಕರಗುತ್ತಾ ಬಂತು. ಕೆಲವರು ತಟ್ಟೆ ಹಿಡಿದೇ ಬಂದರು, ಆದರೆ ತಿನ್ನುತ್ತಿರಲಿಲ್ಲ.

ಕೊನೆಗೆ ಅತ್ತಿಗೆ ಸೌಟು ಹಿಡಿದು ಬಂದರು. ಮುಖ ನೋಡಿದರೆ ನಮ್ಮನ್ನು ಬೈಯಲೆಂದೇ ಬಂದ ಹಾಗಿತ್ತು. ಕಣದ ನಡುವೆ ನಿಂತರು. ನಿಂತವರು ನಿಂತೇ ಇದ್ದರು. ಸೌಟಿನಿಂದ ಕರಿ ಅವರ ಸೀರೆಯ ಮೇಲೆ ತೊಟ್ಟಿಕ್ಕುತ್ತಿತ್ತು, ಅವರಿಗದು ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಡಿಗೆಯವನ ಕಡೆ ತಿರುಗಿ, ಪಿಸುಮಾತಿನಲ್ಲಿ, "ಮುಚ್ಚಳ ಹಾಕೋ" ಎಂದರು.

ಒಂದೊಂದೇ ಪಾತ್ರೆಗೆ ಮುಚ್ಚಳ ಬಿತ್ತು. ಅಣ್ಣನ ಕಣ್ಣು ಮುಚ್ಚಿತ್ತು, ಊದುತ್ತಲೇ ಇದ್ದರು.

ಎಲ್ಲ ಮುಗಿದ ಮೇಲೆ ಜನ ಚಪ್ಪಾಳೆ ತಟ್ಟಿದರು, ಹತ್ತಿರ ಬಂದು ಮಾತಾಡಿದರು, ಯಾರೋ ಶಾಲು ತಂದು ಹೊದಿಸಿದರು. ಅಣ್ಣ ಅದಕ್ಕೆಲ್ಲ ಆಯ್ತು ಆಯ್ತು ಎಂದು ತಲೆ ಆಡಿಸುತ್ತಿದ್ದರು, ಮನಸ್ಸು ಬೇರೆಲ್ಲೋ ಇತ್ತು. ನಾನು ವಯರು ಸುತ್ತುತ್ತಿದ್ದಾಗ ಪಕ್ಕಕ್ಕೆ ಬಂದರು.

"ಟೀಚರೇ, ಮುಚ್ಚಳ ಹಾಕಿದ ಶಬ್ದ ನಿಮಗೂ ಕೇಳಿತಾ?"

"ಕೇಳ್ತು ಅಣ್ಣ."

"ಹಾಗಾದ್ರೆ ಸರಿ. ನನಗೊಬ್ಬನಿಗೇ ಕೇಳಿದ್ದೋ ಅಂತ ಇತ್ತು" ಎಂದು ಹೇಳಿ, ಊಟದ ಕ್ಯೂವಿನಲ್ಲಿ ಎಲ್ಲರಿಗಿಂತ ಹಿಂದೆ ಹೋಗಿ ನಿಂತರು.