ಡ್ರೋನ್ ಕೆಳಗಿನ ಕುರ್ಚಿ

ನನ್ನ ಹೆಂಡತಿ ಡ್ರೋನ್ ಹಾರಿಸುತ್ತಾಳೆ. ದೊಡ್ಡ ಕಟ್ಟಡಗಳ ಚಾವಣಿ, ನೀರಿನ ಟ್ಯಾಂಕು ಎಲ್ಲೆಲ್ಲಿ ಬಿರುಕು ಬಿಟ್ಟಿದೆ ಎಂದು ಮೇಲಿಂದ ಫೋಟೊ ತೆಗೆದುಕೊಡುವುದು ಅವಳ ಕೆಲಸ. ನನ್ನದು ಕುರ್ಚಿ ಹೊರುವ ಕೆಲಸ. ಅಂಚೆ ಕಚೇರಿಯಿಂದ ನಿವೃತ್ತನಾಗಿ ಹಾಯಾಗಿ ಕಾಲು ಚಾಚಿಕೊಂಡಿರೋಣ ಎಂದುಕೊಂಡವನ ಹಣೆಬರಹ ನೋಡಿ.

ಕುರ್ಚಿ ಎಂದರೆ ಒಂದು ಕೈ ಮುರಿದ ನೀಲಿ ಪ್ಲಾಸ್ಟಿಕ್ ಕುರ್ಚಿ. ಅವಳು ಕಲಿಯುತ್ತಿದ್ದ ದಿನಗಳಲ್ಲಿ ನಾನು ತಾರಸಿಯ ಮೇಲೆ ಅದರಲ್ಲೇ ಕೂತು ಪೇಪರ್ ಓದುತ್ತಿದ್ದೆ. ಒಂದು ದಿನ ಕನ್ನಡಕ ತರಲೆಂದು ಎದ್ದು ನಾಲ್ಕು ಹೆಜ್ಜೆ ಇಟ್ಟಿದ್ದೆ, ಅಷ್ಟೇ. ಡ್ರೋನ್ ದಬಕ್ಕನೆ ಕುರ್ಚಿಯ ಮೇಲೆ ಬಿದ್ದು ಅದರ ಕೈ ಮುರಿಯಿತು. ಎರಡು ದಿನ ಅವಳಿಗೆ ಊಟ ಸೇರಲಿಲ್ಲ.

ಅಂದಿನಿಂದ ಇದೊಂದು ಪದ್ಧತಿ. ಹಾರಿಸುವ ಮುನ್ನ ಗಾಳಿ ಎಷ್ಟು, ಬ್ಯಾಟರಿ ಎಷ್ಟು, ಬಿದ್ದರೆ ಯಾರ ಕಾರು, ಯಾರ ಕಿಟಕಿ, ಯಾರ ತಲೆ ಎಂದೆಲ್ಲ ಲೆಕ್ಕ ಹಾಕಿ ಬರೆದುಕೊಳ್ಳುತ್ತಾಳೆ. ಆಮೇಲೆ ಡ್ರೋನ್ ಹಾರುವ ಜಾಗದ ಕೆಳಗೆ ಅದೇ ಕುರ್ಚಿಯಲ್ಲಿ ನನ್ನನ್ನು ಕೂರಿಸಿ ಮುಖ ನೋಡುತ್ತಾಳೆ. ಇವರು ಇಲ್ಲೇ ಕೂತಿರಲಿ ಎಂದು ಮನಸ್ಸು ಒಪ್ಪಿದರೆ ಮಾತ್ರ ಹಾರಾಟ. ಜನ ನನ್ನನ್ನು ಕುರ್ಚಿ ಯಜಮಾನರು ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ.

ಹೋದ ವಾರ ಒಂದು ಆಸ್ಪತ್ರೆಯ ಕೆಲಸವಿತ್ತು. ಇದು ಸರಿಹೋದರೆ ಅವರ ಆರೂ ಕಟ್ಟಡಗಳು ಇವಳ ಪಾಲಿಗೆ. ಅದಕ್ಕಾಗಿ ಎರಡು ವರ್ಷ ಅಲೆದಿದ್ದಳು. ಆದರೆ ಚಾವಣಿಯ ಅಂಚಿನ ಕೆಳಗೇ ರೋಗಿಗಳ ಸಾಲು. ನಾನು ಅವರ ಪಕ್ಕದಲ್ಲಿ ಕುರ್ಚಿ ಹಾಕಿ ಕೂತೆ. ನನ್ನ ಮುಖ ನೋಡಿದವಳೇ, ಸಾಲನ್ನು ಒಳಗಿನ ಹಾಲಿಗೆ ಕಳಿಸದಿದ್ದರೆ ಹಾರಿಸುವುದಿಲ್ಲ ಎಂದುಬಿಟ್ಟಳು.

ಮ್ಯಾನೇಜರ್ ಮುಖ ಸಿಂಡರಿಸಿದರು. ಎರಡು ಕೆಜಿ ವಸ್ತು, ಐದು ನಿಮಿಷದ ಕೆಲಸ, ನಿಮ್ಮ ಕಾಗದದಲ್ಲೇ ಅಪಾಯ ತೀರಾ ಕಡಿಮೆ ಎಂದಿದೆ, ಆಗದಿದ್ದರೆ ಬೇರೆಯವರನ್ನು ಕರೆಸುತ್ತೇವೆ ಎಂದರು. ಸ್ವಲ್ಪ ತಗ್ಗು ಎಂದು ನಾನು ಅವಳಿಗೆ ಕಣ್ಸನ್ನೆ ಮಾಡಿದೆ. ಅವಳು ನನ್ನನ್ನೇ ಎಬ್ಬಿಸಿ, ಸೆರಗಿನಿಂದ ಕುರ್ಚಿ ಒರೆಸಿದಳು.

"ಹಾಗಾದ್ರೆ ಆ ಐದು ನಿಮಿಷ ನೀವೇ ಇಲ್ಲಿ ಕೂತ್ಕೊಳ್ಳಿ ಸರ್."

ಅವರು ಕುರ್ಚಿಯ ಮುರಿದ ಕೈ ನೋಡಿದರು, ಮೇಲೆ ಆಕಾಶ ನೋಡಿದರು. ಆಮೇಲೆ ತಾವೇ ಮುಂದೆ ನಿಂತು ಸಾಲನ್ನು ಒಳಗೆ ಕಳಿಸಿದರು. ಒಂದು ಗಂಟೆ ತಡವಾಯಿತು, ಕೆಲವರು ಗೊಣಗಿದರು. ಡ್ರೋನ್ ಏರಿತು, ಸುತ್ತಿತು, ಇಳಿಯಿತು. ಏನೂ ಬೀಳಲಿಲ್ಲ. ಸಂಜೆ ಆರೂ ಕಟ್ಟಡಗಳ ಕೆಲಸ ನಮಗೇ ಎಂದು ಫೋನ್ ಬಂತು.

ಖುಷಿಯಲ್ಲಿ ಚಹಾ ಕುಡಿಯುತ್ತಾ ಕೇಳಿದೆ, ಲೆಕ್ಕವೇ ಸರಿಯಿದೆ ಎನ್ನುವಾಗ ನನ್ನ ಈ ಮುದಿ ಮೂತಿ ಯಾಕೆ ಬೇಕು ಎಂದು. ಅವಳು ಲೆಕ್ಕದ ಕಾಗದ ಮಡಚಿಟ್ಟಳು.

"ಕಾಗದದಲ್ಲಿ ನಲವತ್ತು ಜನ ಅಂತ ಬರೀತೀನಿ ರೀ. ನೀವು ಹೋಗಿ ಅವರ ಪಕ್ಕ ಕೂತ್ರೆ, ಒಬ್ಬೊಬ್ರನ್ನೂ ಮನೇಲಿ ಯಾರೋ ಕಾಯ್ತಿದಾರೆ ಅನ್ಸುತ್ತೆ."

ಲೋಟ ಕೆಳಗಿಟ್ಟು ಎದ್ದೆ, ಕುರ್ಚಿ ತೊಳೆದು ನಾಳೆಗೆಂದು ಬಾಗಿಲ ಪಕ್ಕ ಇಟ್ಟೆ.