ಹಿತ್ತಲ ಬಾಗಿಲಿಂದ ಬಂದ ಹೆಸರು

ರಾಯದುರ್ಗದ ಜೀನ್ಸ್ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ನಕ್ಷೆಗಳ ಹಳೆ-ಹೊಸ ಪ್ರತಿಗಳನ್ನೆಲ್ಲ ಕಾಯುವ ಸಾಫ್ಟ್‌ವೇರ್ ಬರೆದವನು ನಾನೇ. ಬೆಳುಗುಪ್ಪ ಕಡೆಯ ಹಳ್ಳಿ ಹೈದನಾದರೂ ಈ ಕೆಲಸದಲ್ಲಿ ನನ್ನ ಸಮ ಯಾರೂ ಇಲ್ಲ.

“ಫೈಲಿನ ಹೆಸರಿನ ಕೊನೆಗೆ ಖಾಲಿ ಜಾಗ ಬಿದ್ರೂ ನನ್ನ ಸಾಫ್ಟ್‌ವೇರ್ ಅದನ್ನ ಅಳಿಸಿಬಿಡ್ತದ್ರಿ” ಎಂದು ಕಟಿಂಗ್ ಮಾಡಿಸುವ ಈರಮ್ಮನ ಮುಂದೆ ಎದೆಯುಬ್ಬಿಸಿದ್ದೆ.

ಮರುದಿನ ಆಕೆ ಫೋನಿನಿಂದ ಹೊಸ ನಕ್ಷೆ ಕಳಿಸಿದಳು. ಹೆಸರಿನ ಕೊನೆಗಿದ್ದ ಖಾಲಿ ಜಾಗ ಅಳಿಯಲಿಲ್ಲ. ಹಾಗಾಗಿ ಹಳೆಯದರ ಜಾಗಕ್ಕೆ ಬರಬೇಕಿದ್ದ ಹೊಸ ನಕ್ಷೆ ಅದರ ಪಕ್ಕ ಬೇರೆಯೇ ಫೈಲಾಗಿ ಕೂತಿತು. ಕತ್ತರಿ ಯಂತ್ರ ಹಳೆಯದನ್ನೇ ಎತ್ತಿಕೊಂಡಿತು. ಈರಮ್ಮ ಓಡಿ ಸ್ವಿಚ್ ಆರಿಸದಿದ್ದರೆ ಹಾಸಿದ್ದ ಬಟ್ಟೆಯೆಲ್ಲ ಹಾಳಾಗುತ್ತಿತ್ತು.

“ಸಾಫ್ಟ್‌ವೇರ್ ಕಂಪ್ಯೂಟರಿಂದ ಬಂದದ್ದನ್ನ ಮಾತ್ರ ನೋಡ್ತದ್ರಿ, ಫೋನಿಂದ ಬಂದದ್ದನ್ನಲ್ಲ...” ಎಂದು ತೊದಲಿದೆ.

“ಮುಂಬಾಗಿಲಿಗೆ ನಾಯಿ ಕಟ್ಟಿ ಹಿತ್ತಲ ಬಾಗಿಲು ತೆಗೆದಿಟ್ಟೀಯಲ್ಲೋ ತಮ್ಮಾ!”

ಈಗ ಫೋನು, ಕಂಪ್ಯೂಟರು ಎಲ್ಲ ಬಾಗಿಲಿಗೂ, ಖಾಲಿ ಜಾಗ ಕಂಡರೆ ತಡೆಯುವ ಒಂದೇ ನಾಯಿ. ಮೊದಲ ದಿನವೇ ಅದು ಕೊನೆಗೆ ಖಾಲಿ ಜಾಗ ಬಿಟ್ಟು ನಾನಿಟ್ಟ ಫೈಲಿನ ಹೆಸರನ್ನೇ ತಡೆದು ಬೊಗಳಿತು. ಬೊಗಳದೇ ಇರ್ತದಾ, ಸಾಕಿದವನು ಯಾರು!