ಹಿಂದಿನ ಗೇಟು ಮತ್ತು ದೊರೆಯ ನೋಟಿಸು

ಮುಂಬಯಿಯ ಮಲಾಡಿನ ನಮ್ಮ ಹೌಸಿಂಗ್ ಸೊಸೈಟಿಗೆ ನಾನು ಕಾರ್ಯದರ್ಶಿಯಾಗಿ ಆರಿಸಿ ಬಂದದ್ದು, ಆ ದಿನದ ಸಭೆಗೆ ಹೋಗಿರಲಿಲ್ಲ ಎಂಬ ಏಕೈಕ ಅರ್ಹತೆಯಿಂದ. ಅಧಿಕಾರ ಬಂದ ಮೇಲೆ ಗಾಂಭೀರ್ಯ ತಾನಾಗಿಯೇ ಬಂತು. ಹಿಂದಿನ ಗೇಟಿಗೆ ಬೀಗ ಹಾಕಬೇಕೆಂದು ಕಮಿಟಿ ಹೊರಟಾಗ ನೋಟಿಸಿನ ಕರಡನ್ನು ನಾನೇ ಬರೆದೆ. ಸುರಕ್ಷತೆ, ಹೊರಗಿನವರ ಓಡಾಟ, ಸರ್ವರ ಹಿತ. ಒಂದು ಪದವನ್ನೂ ಬಿಡಲಿಲ್ಲ. ಮಹಾಸಭೆಯ ಒಪ್ಪಿಗೆಯೊಂದು ಬಾಕಿ ಇತ್ತು.

ಆ ಗೇಟಿನಾಚೆ ಒಂದು ಬಸ್ತಿ, ಜೋಪಡಿಗಳ ಸಾಲು. ನಮ್ಮ ಮನೆಯಲ್ಲಿ ಅಡುಗೆ ಮಾಡುವ ವಿಜಯಪುರದ ಕಡೆಯ ಹೆಂಗಸು ಬರುವುದು ಅಲ್ಲಿಂದಲೇ. ಮರುದಿನ ರೊಟ್ಟಿ ಬಡಿಯುತ್ತಲೇ ಕೇಳಿದಳು:

“ಗೇಟ್ ಬಂದ್ ಮಾಡ್ತೀರಂತಲ್ರೀ ಕಾಕಾ?”

“ಕಮಿಟಿ ತೀರ್ಮಾನ ಕಣಮ್ಮ.”

“ಕಮಿಟಿ ಅಂದ್ರ ಯಾರ್ರೀ? ನೀವ ಅಲ್ಲೇನ್ರೀ? ಮೇನ್ ರೋಡ್ ಸುತ್ತಿ ಬರಾಕ ಅರ್ಧಾ ತಾಸು ಬೇಕು. ಮಗಳನ್ನ ಸಾಲಿಗೆ ಬಿಟ್ಟು ಬರೂದ್ರಾಗ ನಿಮ್ಮ ನಾಷ್ಟಾ ಮಧ್ಯಾಹ್ನ ಆಗ್ತೈತಿ. ಎರಡು ಮನಿ ಕೆಲಸ ನಾ ಬಿಡಬೇಕಾಗ್ತೈತಿ.” ರೊಟ್ಟಿ ತಿರುವಿ ಹಾಕಿ ಸೇರಿಸಿದಳು: “ಈ ಬಿಲ್ಡಿಂಗಿಗೆ ಸಿಮೆಂಟ್ ಹೊತ್ತಾವ್ರು ನಮ್ಮ ಮಾವಾರ ನೋಡ್ರಿ. ಆವಾಗ ಹೊರಗಿನವ್ರು ಅಂತ ಯಾರೂ ಅಂದಿದ್ದಿಲ್ಲ.”

ಬಾಯಲ್ಲಿದ್ದ ಅವಳದೇ ರೊಟ್ಟಿಯನ್ನು ನುಂಗಿ, ಇನ್ನೊಂದಕ್ಕೆ ಗಂಭೀರವಾಗಿ ತಟ್ಟೆ ಚಾಚಿದೆ.

ಭಾನುವಾರ ಮಾಟುಂಗಕ್ಕೆ ಹೋದೆ. ಅಲ್ಲಿನ ಕನ್ನಡ ಸಂಘದ ಲೈಬ್ರರಿಯಲ್ಲಿ, ಪುಸ್ತಕದಲ್ಲಿ ಬರೆಯಬಾರದೆಂಬ ಬೋರ್ಡಿನ ಕೆಳಗೇ ಕುಳಿತು ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುವುದು ಪದ್ಧತಿ. ಮುಂದಿನ ಓದುಗರು ಅದಕ್ಕೆ ಉತ್ತರ ಬರೆಯುತ್ತಾರೆ. ಕೆಲವು ಪುಸ್ತಕಗಳಲ್ಲಿ ಕಥೆಗಿಂತ ಈ ಜಗಳವೇ ರುಚಿ.

ಕೈಗೆ ಸಿಕ್ಕಿದ್ದು ಆಫ್ರಿಕಾದ ಒಂದು ಹಳೆಯ ಕಾದಂಬರಿಯ ಅನುವಾದ. ರಟ್ಟೂ ಹೆಸರಿನ ಪುಟವೂ ಎಂದೋ ಹೋಗಿದ್ದವು. ಹಡಗಿನಲ್ಲಿ ಬಂದಿಳಿದ ಬಿಳಿಯ ದೊರೆ ಕರಿಯರ ಹೊಲಗಳಿಗೆ ಬೇಲಿ ಹಾಕಿ, ಅವರು ಹಳ್ಳಕ್ಕೆ ಹೋಗುವ ದಾರಿ ಮುಚ್ಚುತ್ತಾನೆ. ಅಲ್ಲೇ ಹುಟ್ಟಿ ಉತ್ತವರನ್ನು ಹೊರಗಿನವರು ಎನ್ನುತ್ತಾನೆ. ಮರಕ್ಕೆ ನೋಟಿಸು ಹೊಡೆಸುತ್ತಾನೆ. ಅದರಲ್ಲೂ ನನ್ನ ಕರಡಿನ ಮಾತುಗಳೇ: ಸುರಕ್ಷತೆ, ಹೊರಗಿನವರ ಓಡಾಟ, ಸರ್ವರ ಹಿತ. ಇವೇ ಮಾತುಗಳನ್ನು ಚುನಾವಣೆಯ ಭಾಷಣಗಳಲ್ಲಿ ಕೇಳಿದಾಗೆಲ್ಲ ಟಿವಿಗೆ ಬೈದವನು ನಾನು.

ಅಂಚಿನಲ್ಲಿ ಪೆನ್ಸಿಲ್ ಬರಹ: “ಇವನಿಗೆ ನಾಚಿಕೆಯಿಲ್ಲವೆ?” ಅಕ್ಷರ ನನ್ನದೇ. ವಿಲೆ ಪಾರ್ಲೆಯ ಒಂದು ಕೋಣೆಯಲ್ಲಿ ನಾಲ್ಕನೆಯವನಾಗಿ ಮಲಗುತ್ತಿದ್ದ ಕಾಲದ್ದು; ಓದಿದ್ದೇ ಮರೆತಿತ್ತು. ಅದರ ಕೆಳಗೆ ಇನ್ಯಾರೋ ಬರೆದಿದ್ದರು: “ನಿಮಗೂ ಬೇಲಿ ಹಾಕುವಷ್ಟು ಜಾಗ ಸಿಕ್ಕ ಮೇಲೆ ಹೇಳಿ.”

ಪುಸ್ತಕವನ್ನು ಎರವಲು ತಂದೆ. ಮಹಾಸಭೆಯಲ್ಲಿ ನನ್ನ ಕರಡನ್ನು ಜೇಬಿನಲ್ಲೇ ಇಟ್ಟುಕೊಂಡು ದೊರೆಯ ನೋಟಿಸನ್ನು ಹಿಂದಿಯಲ್ಲಿ ಓದಿದೆ. ಹಳ್ಳದ ದಾರಿ ಇದ್ದಲ್ಲಿ ಹಿಂದಿನ ಗೇಟು ಎಂದಷ್ಟೇ ತಿದ್ದಿದ್ದೆ.

“ವಾಹ್ ಸೆಕ್ರೆಟರಿ ಸಾಬ್, ಕ್ಯಾ ಡ್ರಾಫ್ಟಿಂಗ್ ಹೈ!” ಎಂದರು ಅಧ್ಯಕ್ಷರು. “ಲ್ಯಾಮಿನೇಟ್ ಕರ್‌ಕೇ ಲಗಾ ದೋ.”

ಅದು ಯಾರ ನೋಟಿಸೆಂದು ಆಗ ಹೇಳಿದೆ. 

“ಆಪ್‌ನೇ ತೋ ಹಮ್‌ಕೋ ಅಂಗ್ರೇಜ್ ಬನಾ ದಿಯಾ!” ತಮ್ಮನ್ನೆಲ್ಲ ಬಿಳಿಯ ದೊರೆಗಳನ್ನಾಗಿ ಮಾಡಿದೆನೆಂದು ಅಧ್ಯಕ್ಷರು ಸಿಡುಕಿದರು.

ಮೂರನೇ ಮಹಡಿಯ ನಿವೃತ್ತ ಮರಾಠಿ ಟೀಚರು ಕನ್ನಡಕ ಒರೆಸಿಕೊಳ್ಳುತ್ತ, ನಾವೆಲ್ಲ ಎಲ್ಲಿಂದ ಬಂದವರೆಂದು ಒಬ್ಬೊಬ್ಬರಾಗಿ ಹೇಳಿ ಎಂದರು. ಟೀಚರ ಮಾತು, ಎಲ್ಲರೂ ಎದ್ದು ನಿಂತೇ ಹೇಳಿದರು. ರತ್ನಾಗಿರಿ, ಕಛ್, ಲಖನೌ, ನನ್ನ ಸರದಿಗೆ ಮಂಡ್ಯ. ಮಲಾಡ್ ಎಂದವರು ಒಬ್ಬರೂ ಇಲ್ಲ.

ಗೊಣಗಾಟ ಬೇಕಾದಷ್ಟು ನಡೆಯಿತು. ಕೊನೆಗೆ, ತಾತ್ಕಾಲಿಕವಾಗಿ ಗೇಟು ತೆರೆದಿರಲಿ ಎಂದು ಠರಾವಾಯಿತು. ತಾತ್ಕಾಲಿಕವೆಂದು ಇಟ್ಟ ನೀರಿನ ಟ್ಯಾಂಕು ನಮ್ಮಲ್ಲಿ ಹನ್ನೊಂದು ವರ್ಷದಿಂದ ನಿಂತಿದೆ. ಹಾಗಾಗಿ ನನಗೆ ಬಹಳ ಭರವಸೆ.

ಮರುದಿನ ನಾಷ್ಟಾ ಹೊತ್ತಿಗೆ ಸರಿಯಾಗಿ ಬಂತು. “ಕಮಿಟಿಗೆ ಬುದ್ಧಿ ಬಂತೇನ್ರೀ ಕಾಕಾ?” ಎಂದಳು. ತಾತ್ಕಾಲಿಕವಾಗಿ ಎಂದೆ.

ಪುಸ್ತಕ ಹಿಂದಿರುಗಿಸುವ ಮೊದಲು ಆ ಅಂಚಿನಲ್ಲಿ, ಉಳಿದಿದ್ದ ಚೂರು ಜಾಗದಲ್ಲಿ ಬರೆದೆ: “ಜಾಗ ಸಿಕ್ಕಿದೆ. ಗೇಟು ತೆರೆದಿದೆ. ಬಂದು ನೋಡಿ.”